ಆನ್‌ಲೈನ್ ಹೆರಿಗೆ ಕ್ಲಾಸಿಗೆ ಸೇರಲಾ? ಅಮ್ಮ ಬೇಡ ಅನ್ನುತ್ತಿದ್ದಾಳೆ

ಸಾಗರದ ಮಗಳು (ಏಪ್ರಿಲ್ 14)

ಎಲ್ಲರಿಗೂ ನಮಸ್ಕಾರ. ನನಗೀಗ 27 ವಾರ, ಚೊಚ್ಚಲು. ಬೆಂಗಳೂರಿನಲ್ಲಿ ನಾನು, ನನ್ನ ಗಂಡ ಇಬ್ಬರೇ. ಮನೆಯಿಂದಲೇ ಆಫೀಸು ಕೆಲಸ. ಡಾಕ್ಟರ್ ಒಳ್ಳೆಯವರು, ಆದರೆ ಹೊರಗೆ ಮೂವತ್ತು ಜನ ಕಾಯುತ್ತಿರುತ್ತಾರೆ. ಬಿ.ಪಿ., ತೂಕ, ಮಗುವಿನ ಎದೆಬಡಿತ ನೋಡುವಷ್ಟರಲ್ಲಿ ನನ್ನ ಐದು ನಿಮಿಷ ಮುಗಿದಿರುತ್ತದೆ. ಬರೆದುಕೊಂಡು ಹೋದ ಪ್ರಶ್ನೆಗಳೆಲ್ಲ ಚೀಟಿಯಲ್ಲೇ ವಾಪಸ್ ಬರುತ್ತವೆ.

ಒಂದು ಆನ್‌ಲೈನ್ ಕ್ಲಾಸ್ ನೋಡಿಟ್ಟಿದ್ದೇನೆ. ಶನಿವಾರ, ಭಾನುವಾರ ಸೇರಿ 8 ಕ್ಲಾಸು, 7,500 ರೂಪಾಯಿ. ಹೆರಿಗೆ ನೋವು, ಉಸಿರಾಟ, ಹಾಲು ಕುಡಿಸುವುದು, ಮಗುವಿನ ಸ್ನಾನ ಎಲ್ಲಾ ಹೇಳಿಕೊಡುತ್ತಾರಂತೆ. ಪಾಠ ಇಂಗ್ಲಿಷಿನಲ್ಲಿ. ಅಮ್ಮನಿಗೆ ಹೇಳಿದ್ದೇ ತಡ, "ನಿನ್ನನ್ನ ಹೆತ್ತಾಗ ನಾನು ಯಾವ ಕ್ಲಾಸಿಗೆ ಹೋಗಿದ್ದೆ? ನಾನಿಲ್ವಾ ಹೇಳಿಕೊಡೋಕೆ?" ಅಂದಳು. ಸ್ವಲ್ಪ ಬೇಜಾರೂ ಮಾಡಿಕೊಂಡಳು. ಬಾಣಂತನ ಅಮ್ಮನ ಮನೆಯಲ್ಲೇ. ಸೀಮಂತ ಮುಗಿಸಿ ಸಾಗರಕ್ಕೆ ಹೋಗುತ್ತೇನೆ. ಅಷ್ಟೊತ್ತಿಗೆ ಮಳೆಗಾಲ. ಅಲ್ಲಿ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ನಿಜಕ್ಕೂ ಉಪಯೋಗ ಆಯ್ತಾ? ಯಾವ ತಿಂಗಳಲ್ಲಿ ಸೇರಿದಿರಿ? ಕನ್ನಡದಲ್ಲಿ ಯಾರಾದರೂ ಮಾಡುತ್ತಾರಾ?

ಇಬ್ಬರ ತಾಯಿ, ಮೈಸೂರು

ಸೇರಿ, ಆದರೆ ಚೆನ್ನಾಗಿ ವಿಚಾರಿಸಿ ಸೇರಿ. ನಾನು 2021ರಲ್ಲಿ, ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ, ಬೇರೆ ದಾರಿ ಇಲ್ಲದೆ ಆನ್‌ಲೈನ್ ಸೇರಿದ್ದೆ. ಕಲಿಸಿದ ವ್ಯಾಯಾಮದಲ್ಲಿ ಅರ್ಧ ಮರೆತೇ ಹೋಯ್ತು. ಸುಳ್ಳು ನೋವು ಯಾವುದು, ನಿಜವಾದ ನೋವು ಯಾವುದು ಅನ್ನುವ ಪಾಠ ಮಾತ್ರ ಮರೆಯಲಿಲ್ಲ.

38ನೇ ವಾರದಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಾಯ್ತು. ಅತ್ತೆ ಬ್ಯಾಗ್ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟರು. ನಾನು ಫೋನಿನಲ್ಲಿ ಹೊತ್ತು ನೋಡುತ್ತಾ ಕೂತೆ. ಒಮ್ಮೆ 9 ನಿಮಿಷಕ್ಕೆ ಬಂತು, ಒಮ್ಮೆ 20ಕ್ಕೆ, ಆಮೇಲೆ 14ಕ್ಕೆ. ಎದ್ದು ಓಡಾಡಿದೆ, ಎರಡು ಲೋಟ ನೀರು ಕುಡಿದೆ, ಎಡ ಮಗ್ಗುಲಾಗಿ ಮಲಗಿದೆ. ನಾಲ್ಕು ಗಂಟೆಗೆ ಪೂರ್ತಿ ನಿಂತುಹೋಯ್ತು. ಹತ್ತು ದಿನ ಬಿಟ್ಟು ಬಂದದ್ದೇ ಬೇರೆ. ಸೊಂಟದಲ್ಲಿ ಶುರುವಾಗಿ ಮುಂದಕ್ಕೆ ಸುತ್ತಿಕೊಂಡು ಬರುತ್ತಿತ್ತು. ಓಡಾಡಿದರೂ ಬಿಡಲಿಲ್ಲ, ಮಲಗಿದರೂ ಬಿಡಲಿಲ್ಲ. 5 ನಿಮಿಷಕ್ಕೊಮ್ಮೆ, ಪ್ರತಿ ಸಲ ಒಂದು ನಿಮಿಷ. ಹಾಗೇ ಒಂದು ಗಂಟೆ ಆದ ಮೇಲೆ ಹೊರಟೆವು. ಆ ಗಾಬರಿಯ ಹೊತ್ತಿನಲ್ಲಿ ಏನು ನೋಡಬೇಕು ಅಂತ ಗೊತ್ತಿದ್ದದ್ದೇ ನನಗೆ ದೊಡ್ಡ ಧೈರ್ಯ.

ಚಿಕ್ಕಮಗಳೂರು ಕಾಫಿ

ದುಡ್ಡು ದಂಡ. ಯೂಟ್ಯೂಬಿನಲ್ಲಿ ಎಲ್ಲಾ ಇದೆ, ಅದೂ ಕನ್ನಡದಲ್ಲಿ.

ಆಷಾಢದ ಸೊಸೆ

@ಚಿಕ್ಕಮಗಳೂರು ಕಾಫಿ, ಎಲ್ಲಾ ಇದೆ, ಅದೇ ತೊಂದರೆ. ಒಂದರಲ್ಲಿ ಪಪ್ಪಾಯಿ ಮುಟ್ಟಲೇಬೇಡಿ ಅಂತಾರೆ, ಇನ್ನೊಂದರಲ್ಲಿ ಹಣ್ಣಾಗಿದ್ದರೆ ತಿನ್ನಿ ಅಂತಾರೆ. ಹೆರಿಗೆ ವಿಡಿಯೋ ಒಂದು ನೋಡಿದರೆ ಸಾಕು, ಆಮೇಲೆ ಫೋನೇ ಭಯಪಡಿಸುವಂಥದ್ದನ್ನು ಸಾಲಾಗಿ ತೋರಿಸುತ್ತದೆ. ಏಳನೇ ತಿಂಗಳಲ್ಲಿ ನಾನು ರಾತ್ರಿಯೆಲ್ಲ ಅದನ್ನೇ ನೋಡಿ ಅತ್ತಿದ್ದೇನೆ. ಕ್ಲಾಸಿನಲ್ಲಾದರೆ "ನನಗೆ ಹೀಗಾಗ್ತಿದೆ" ಅಂತ ಕೇಳಬಹುದು. ವಿಡಿಯೋ ನಮ್ಮ ಮಾತು ಕೇಳುವುದಿಲ್ಲ.

ತಾಲ್ಲೂಕು ಆಸ್ಪತ್ರೆ ನರ್ಸ್

ಹಾಸನ ಜಿಲ್ಲೆಯಲ್ಲಿ ಹೆರಿಗೆ ವಾರ್ಡಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೈಸೂರು ಅಕ್ಕ ಹೇಳಿದ್ದಕ್ಕೆ ಒಂದು ತಿದ್ದುಪಡಿ ಸೇರಿಸಲೇಬೇಕು. ಹೊತ್ತು ನೋಡುತ್ತಾ ಕೂರುವುದು 37 ವಾರ ದಾಟಿದವರಿಗೆ, ಆಸ್ಪತ್ರೆ ಹತ್ತಿರ ಇರುವವರಿಗೆ, ಬೇರೆ ಯಾವ ತೊಂದರೆಯೂ ಇಲ್ಲದವರಿಗೆ ಮಾತ್ರ. 37 ವಾರಕ್ಕೆ ಮುಂಚೆ ನೋವು ಬಂದರೆ ಕಾಯಬೇಡಿ. ರಕ್ತ ಹೋದರೆ, ನೀರು ಒಡೆದರೆ ಕಾಯಬೇಡಿ. ಮಗುವಿನ ಓಡಾಟ ಕಡಿಮೆ ಆಗಿದೆ ಅನ್ನಿಸಿದರೆ "ನಾಳೆ ನೋಡೋಣ" ಅನ್ನಲೇಬೇಡಿ. ತಲೆ ಸಿಡಿಯುವಷ್ಟು ನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಇದ್ದರೂ ಅದೇ ಮಾತು. ಒಡೆದ ನೀರು ಹಸಿರಾಗಿದ್ದರೆ ಒಂದು ನಿಮಿಷವೂ ತಡ ಮಾಡಬಾರದು. ಸಾಗರದ ಮಗಳೇ, ನಿಮ್ಮ ಮನೆ ಊರಿಂದ ಒಳಗಿದ್ದರೆ, ಮಳೆಗೆ ರಸ್ತೆ ಕೆಡುವ ಜಾಗವಾದರೆ, 5 ನಿಮಿಷದ ಲೆಕ್ಕ ನಿಮಗಲ್ಲ. ಮುಂಚೆಯೇ ಹೊರಡಿ. 108 ಎಷ್ಟು ಹೊತ್ತಿಗೆ ಮನೆ ಮುಟ್ಟುತ್ತದೆ ಅಂತ ಈಗಲೇ ಅಕ್ಕಪಕ್ಕದವರನ್ನು ಕೇಳಿಟ್ಟುಕೊಳ್ಳಿ.

ಕ್ಲಾಸಿಗೆ ಹೋಗಿ ಬಂದವರಿಗೂ ಹೋಗದವರಿಗೂ ವ್ಯತ್ಯಾಸ ಕಾಣುತ್ತದಾ ಅಂತ ನನ್ನನ್ನು ತುಂಬಾ ಜನ ಕೇಳುತ್ತಾರೆ. ನೋವು ಇಬ್ಬರಿಗೂ ಒಂದೇ. ಆದರೆ ಮುಂದೇನು ಅಂತ ಗೊತ್ತಿದ್ದವರು ಹಲ್ಲು ಕಚ್ಚಿ ಉಸಿರು ಹಿಡಿಯುವುದಿಲ್ಲ. ಉದ್ದಕ್ಕೆ ಉಸಿರು ಬಿಡುತ್ತಾರೆ, ಭುಜ ಸಡಿಲ ಬಿಡುತ್ತಾರೆ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಹೆರಿಗೆ ಚುರುಕಾಯಿತು ಎಂದು ಲೆಕ್ಕ ಹಿಡಿಯಿರಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಚೊಚ್ಚಲಿಗೆ ಅಲ್ಲಿಂದ ಮುಂದೆಯೂ 12 ಗಂಟೆವರೆಗೆ ಹಿಡಿಯಬಹುದು. ಇದು ಗೊತ್ತಿಲ್ಲದ ಮನೆಯವರು ಎರಡು ಗಂಟೆ ಆಗುವಷ್ಟರಲ್ಲಿ "ಇನ್ನೂ ಆಗಿಲ್ವಾ? ಆಪರೇಷನ್ ಮಾಡಿಬಿಡಿ" ಅಂತ ಜಗಳಕ್ಕೆ ಬರುತ್ತಾರೆ. ಹುಡುಗಿ ಅಲ್ಲೇ ಕುಸಿದು ಹೋಗುತ್ತಾಳೆ.

ಇನ್ನೊಂದು. ಪ್ರತಿ ತಿಂಗಳು 9ನೇ ತಾರೀಕು ಸರಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇದೆ. ಡಾಕ್ಟರ್ ಇರುತ್ತಾರೆ. ಖಾಸಗಿಯಲ್ಲಿ ತೋರಿಸುವವರೂ ಬರಬಹುದು.

ಸಾಗರದ ಮಗಳು

@ತಾಲ್ಲೂಕು ಆಸ್ಪತ್ರೆ ನರ್ಸ್, ತುಂಬಾ ಥ್ಯಾಂಕ್ಸ್ ಸಿಸ್ಟರ್. ಅಪ್ಪನಿಗೆ ಫೋನ್ ಮಾಡಿ ಆಂಬುಲೆನ್ಸ್ ವಿಷಯ ಕೇಳಿದೆ. ಪಕ್ಕದ ಮನೆಯ ಜೀಪಿನವರ ನಂಬರನ್ನೂ ಅಪ್ಪ ಗೋಡೆ ಮೇಲೆ ಬರೆದಿಟ್ಟಿದ್ದಾರೆ.

ಹಳೇ ಬೇರು

ನಮ್ಮ ಅಜ್ಜಿ ಗದ್ದೆಯಲ್ಲಿ ನಾಟಿ ಮಾಡುತ್ತಾ ಹೆತ್ತವರು. ಒಂಬತ್ತು ಮಕ್ಕಳು. ಯಾವ ಕ್ಲಾಸೂ ಇರಲಿಲ್ಲ. ಈಗಿನವರಿಗೆ ಎಲ್ಲಕ್ಕೂ ಕ್ಲಾಸು ಬೇಕು. ಹೆರಿಗೆ ಪ್ರಕೃತಿ ಸಹಜ.

ಪಾವಗಡದ ಹುಡುಗಿ

@ಹಳೇ ಬೇರು, ಒಂಬತ್ತರಲ್ಲಿ ಎಷ್ಟು ಉಳಿದವು ಅಂತ ಕೇಳಿದ್ದೀರಾ ಸರ್? ನಮ್ಮ ಅಜ್ಜಿಗೆ ಎಂಟು, ಉಳಿದದ್ದು ಐದು. ಅವರ ತಂಗಿ ಚೊಚ್ಚಲು ಹೆರಿಗೆಯಲ್ಲೇ ಹೋದರು. ಆ ಕಥೆಯನ್ನು ಮನೆಯಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ.

ಆಗ ಕ್ಲಾಸ್ ಇರಲಿಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ಒಂದು ಪೈಸೆ ತೆಗೆದುಕೊಳ್ಳದೆ. ಅವರು ಕಲಿತದ್ದು ಅವರ ಅಜ್ಜಿಯಿಂದ, ಪಕ್ಕದಲ್ಲಿ ಕೂತು, ಕೈ ಹಿಡಿದು. ಹಳ್ಳಿಯ ಹುಡುಗಿಯರು ಅಕ್ಕನ ಹೆರಿಗೆ, ಅತ್ತಿಗೆಯ ಬಾಣಂತನ ನೋಡುತ್ತಾ ಬೆಳೆಯುತ್ತಿದ್ದರು. ಕೂಸಿಗೆ ಕಾಲ ಮೇಲೆ ಮಲಗಿಸಿ ನೀರು ಹಾಕುವುದು, ತೇಗು ಬರಿಸುವುದು ಎಲ್ಲಾ ಮದುವೆಗೆ ಮುಂಚೆಯೇ ಕಂಡಿರುತ್ತಿದ್ದರು. ನಾನು ನನ್ನ ಮಗನಿಗೆ ಮುಂಚೆ ಒಂದು ಎಳೆ ಕೂಸನ್ನೂ ಎತ್ತಿಕೊಂಡವಳಲ್ಲ. ಕುತ್ತಿಗೆ ಎಲ್ಲಿ ಹಿಡಿಯಬೇಕು ಅಂತ ಗೊತ್ತಿರಲಿಲ್ಲ. ಆ ಮನೆ ಪಾಠ ನಮಗೆ ತಪ್ಪಿಹೋಗಿದೆ. ಅದಕ್ಕೇ ಈಗ ದುಡ್ಡು ಕೊಟ್ಟು ಕಲಿಯಬೇಕಾಗಿದೆ.

ಹಳೇ ಬೇರು

ಒಪ್ಪಿದೆ ತಂಗಿ. ಅಮ್ಮನನ್ನು ಕೇಳಿದೆ. ಒಂಬತ್ತರಲ್ಲಿ ಆರು. ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಹುಬ್ಬಳ್ಳಿ ಅಪ್ಪ

ಗಂಡಸರೂ ಓದುತ್ತಿದ್ದರೆ ನನ್ನದೊಂದು ಮಾತು. ಹೆಂಡತಿಯನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ ನೀವು ಕ್ರಿಕೆಟ್ ನೋಡಬೇಡಿ. ಪಕ್ಕದಲ್ಲಿ ಕೂರಿ. ನಾನು ಮೊದಲ ಎರಡು ಕ್ಲಾಸ್ ತಪ್ಪಿಸಿಕೊಂಡಿದ್ದೆ. ಮೂರನೆಯದರಲ್ಲಿ ಟೀಚರ್ ಟವೆಲ್ ಸುತ್ತಿ ಗೊಂಬೆ ಮಾಡಿಸಿದರು. ಡೈಪರ್ ಹಾಕುವುದು, ಹೊಕ್ಕುಳ ಬಳ್ಳಿಗೆ ತಾಗದ ಹಾಗೆ ಅದರ ಮೇಲಂಚನ್ನು ಕೆಳಕ್ಕೆ ಮಡಚುವುದು, ಎಲ್ಲಾ ನನ್ನ ಕೈಯಲ್ಲೇ. ಮುಂದಿನ ವಾರ ಸೊಂಟ ಒತ್ತುವುದು ಕಲಿಸಿದರು. ನೋವು ಬಂದಾಗ ಅಂಗೈ ಬುಡದಿಂದ ಸೊಂಟದ ಕೆಳಗಿನ ಮೂಳೆ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯುವುದು. ಹೆರಿಗೆ ದಿನ ಕಾರಿನಲ್ಲಿ, ಆಮೇಲೆ ವಾರ್ಡಿನಲ್ಲಿ, ಏಳು ಗಂಟೆ ಅದನ್ನೇ ಮಾಡಿದ್ದೇನೆ. ಕೈ ತೆಗೆದರೆ ಸಾಕು "ಒತ್ತ್ರೀ, ಒತ್ತ್ರೀ" ಅನ್ನುತ್ತಿದ್ದಳು.

ಹೆರಿಗೆ ಕೋಣೆಗೆ ಮಾತ್ರ ನನ್ನನ್ನು ಬಿಡಲಿಲ್ಲ. ಮುಂಚೆ ಕೇಳಿದಾಗ ಬಿಡುತ್ತೇವೆ ಅಂದಿದ್ದ ಆಸ್ಪತ್ರೆ, ಆ ದಿನ ಇಲ್ಲ ಅಂದಿತು. ಹೊರಗೆ ಬಾಗಿಲ ಹತ್ತಿರ ನಿಂತು ಅವಳ ದನಿ ಕೇಳಿಸಿಕೊಂಡದ್ದು ಇನ್ನೂ ನೋಯುತ್ತದೆ. ಈ ಪ್ರಶ್ನೆಯನ್ನು ಮುಂಚೆಯೇ ಕೇಳಿ, ಫೈಲಿನಲ್ಲಿ ಬರೆಸಿಕೊಳ್ಳಿ.

ತಾಲ್ಲೂಕು ಆಸ್ಪತ್ರೆ ನರ್ಸ್

@ಹುಬ್ಬಳ್ಳಿ ಅಪ್ಪ, ಸರಕಾರಿ ಆಸ್ಪತ್ರೆಗಳಲ್ಲೂ ಜೊತೆಗೊಬ್ಬ ಹೆಣ್ಣುಮಗಳನ್ನು ಬಿಡಬಹುದು ಅಂತ ಕೇಂದ್ರ ಸರಕಾರ 2016ರಲ್ಲೇ ಹೇಳಿದೆ. ಆದರೆ ಒಂದೇ ಕೋಣೆಯಲ್ಲಿ ಮೂರು ಟೇಬಲ್ ಇದ್ದರೆ, ನಡುವೆ ಪರದೆ ಇಲ್ಲದಿದ್ದರೆ, ಗಂಡಸರನ್ನು ಬಿಡುವುದು ಕಷ್ಟ. ಪಕ್ಕದ ಹುಡುಗಿಯ ಮಾನವೂ ಮುಖ್ಯ ಅಲ್ವಾ? ಪರದೆ ಹಾಕಿಸಿ ಅಂತ ನಾವೇ ಬರೆದು ಕೊಟ್ಟಿದ್ದೇವೆ.

ಮ್ಯೂನಿಕ್ ಕನ್ನಡತಿ

ಇಲ್ಲಿ ಜರ್ಮನಿಯಲ್ಲಿ ಸರಕಾರಿ ಆರೋಗ್ಯ ವಿಮೆ ಇದ್ದರೆ 14 ಗಂಟೆಗಳ ಹೆರಿಗೆ ತಯಾರಿ ಕ್ಲಾಸಿನ ಖರ್ಚನ್ನು ವಿಮೆಯೇ ಕೊಡುತ್ತದೆ. ಹೆರಿಗೆಯಾದ ಮೇಲೆ ಹೆಬಾಮೆ, ಅಂದರೆ ಇಲ್ಲಿನ ಸೂಲಗಿತ್ತಿ, ಮನೆಗೇ ಬರುತ್ತಾಳೆ. ಮೊದಲ ದಿನಗಳಲ್ಲಿ ದಿನಾ ಬಂದು ಮಗುವಿನ ತೂಕ, ಹೊಕ್ಕುಳು, ನನ್ನ ಹೊಲಿಗೆ ನೋಡಿದಳು. ಬಸುರಿ ಅಂತ ಗೊತ್ತಾದ ವಾರವೇ ಅವಳನ್ನು ಹುಡುಕಿಕೊಳ್ಳಬೇಕು, ಆಮೇಲೆ ಯಾರೂ ಸಿಗುವುದಿಲ್ಲ.

ಕ್ಲಾಸ್ ಮಾತ್ರ ಜರ್ಮನ್ ಭಾಷೆಯಲ್ಲಿ. ಅಂಗಡಿಗೆ ಸಾಕಾಗುವ ನನ್ನ ಜರ್ಮನ್, ನೋವಿನ ವಿಷಯಕ್ಕೆ ಸಾಲಲಿಲ್ಲ. "ಚುಚ್ಚಿದ ಹಾಗೆ", "ಹಿಂಡಿದ ಹಾಗೆ", "ಸೆಳೆದ ಹಾಗೆ" ಇವೆಲ್ಲ ನನಗೆ ಕನ್ನಡದಲ್ಲೇ ಬರುವುದು. ಕೊನೆಗೆ ಊರಿನ ಕಡೆಯವರೊಬ್ಬರು ಕನ್ನಡದಲ್ಲಿ ಆನ್‌ಲೈನ್ ಹೇಳಿಕೊಟ್ಟರು. ಅಲ್ಲಿನ ಸಂಜೆ ಇಲ್ಲಿನ ಮಧ್ಯಾಹ್ನ. ಅಡುಗೆ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೇಳುತ್ತಿದ್ದೆ. ಸಾಗರದ ಮಗಳೇ, ಇಂಗ್ಲಿಷ್ ಎಷ್ಟೇ ಬಂದರೂ ಕನ್ನಡದಲ್ಲಿ ಸಿಗುತ್ತದಾ ಅಂತ ಮೊದಲು ನೋಡಿ.

ಬೆಳಗಿನ ರಾಗ

ನಾನು ಗರ್ಭಸಂಸ್ಕಾರ ಕ್ಲಾಸಿಗೆ ಸೇರಿದ್ದೇನೆ. ಶ್ಲೋಕ, ಸಂಗೀತ, ಧ್ಯಾನ. ಮಗು ಬುದ್ಧಿವಂತ ಆಗುತ್ತದೆ ಅಂತ ಹೇಳುತ್ತಾರೆ. ಅದೂ ಒಳ್ಳೆಯದೇ ಅಲ್ವಾ?

ಆಷಾಢದ ಸೊಸೆ

ಹಾಡು ಕೇಳಿ, ಮನಸ್ಸು ಹಗುರ ಆಗುತ್ತದೆ. ಆದರೆ ಬುದ್ಧಿವಂತ ಮಗು ಗ್ಯಾರಂಟಿ ಅನ್ನುವವರಿಗೆ ದುಡ್ಡು ಕೊಡಬೇಡಿ. ನಾಳೆ ಮಗು ಮಾತು ತಡ ಮಾಡಿದರೆ "ಅಮ್ಮ ಸರಿಯಾಗಿ ಶ್ಲೋಕ ಹೇಳಲಿಲ್ಲ" ಅಂತ ನಿಮ್ಮ ತಲೆಗೇ ಕಟ್ಟುತ್ತಾರೆ.

ತಾಲ್ಲೂಕು ಆಸ್ಪತ್ರೆ ನರ್ಸ್

ಹೊಟ್ಟೆಯಲ್ಲಿರುವ ಮಗುವಿಗೆ ಏಳನೇ ತಿಂಗಳ ಹೊತ್ತಿಗೆ ಶಬ್ದ ಕೇಳಿಸುತ್ತದೆ. ಹುಟ್ಟಿದ ಕೂಡಲೇ ಅಮ್ಮನ ದನಿ ಗುರುತಿಸುತ್ತದೆ. ಅಳುವ ಕೂಸನ್ನು ಅಮ್ಮ "ಬಾ ಕಂದ" ಅಂದರೆ ಕತ್ತು ತಿರುಗಿಸುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಅದಕ್ಕೆ ನಿಮ್ಮ ಮಾತೇ ಸಾಕು. ಆ ಕ್ಲಾಸಿನಲ್ಲಿ ಮಾತ್ರೆ ಬಿಡಿ, ಸ್ಕ್ಯಾನ್ ಬೇಡ ಅಂತ ಹೇಳಿದರೆ ಮಾತ್ರ ಕೂಡಲೇ ಹೊರಗೆ ಬನ್ನಿ.

ಬೆಳಗಿನ ರಾಗ

ಹಾಗೇನೂ ಹೇಳಿಲ್ಲ ಸಿಸ್ಟರ್. ಆದರೆ ಹಾಲು ಕುಡಿಸುವುದರ ಬಗ್ಗೆ ಒಂದು ಮಾತೂ ಬಂದಿಲ್ಲ. ನಾಳೆ ಕೇಳುತ್ತೇನೆ.

ದಾವಣಗೆರೆ ಬೆಣ್ಣೆ

ನಾನು ಬೇರೆ ವಿಷಯ ಹೇಳಬೇಕು. ಇದನ್ನು ಬರೆಯಲು ಎರಡು ದಿನ ಹಿಡಿಯಿತು.

ನಾನು 12 ಕ್ಲಾಸಿಗೆ ಹೋದೆ, ಒಂದೂ ತಪ್ಪಿಸಲಿಲ್ಲ. ಹನ್ನೆರಡರಲ್ಲಿ ಹನ್ನೊಂದು ನಾರ್ಮಲ್ ಹೆರಿಗೆಗೆ. ಸಿಸೇರಿಯನ್ ಬಗ್ಗೆ ಹತ್ತು ನಿಮಿಷ, ಅದೂ "ನೀವು ಚೆನ್ನಾಗಿ ಅಭ್ಯಾಸ ಮಾಡಿದರೆ ಇದರ ಗೊಡವೆ ಬರಲ್ಲ" ಅಂತ. 16 ಗಂಟೆ ನೋವು ತಿಂದೆ. ಮಗುವಿನ ಎದೆಬಡಿತ ಇಳಿಯಿತು, ಆಪರೇಷನ್ ಆಯಿತು. ಮಗು ಚೆನ್ನಾಗಿತ್ತು. ನಾನು ಮಾತ್ರ ಮೂರು ತಿಂಗಳು ಪರೀಕ್ಷೆಯಲ್ಲಿ ಫೇಲಾದವಳ ಹಾಗೆ ಇದ್ದೆ. ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು "ನಾರ್ಮಲ್ಲಾ?" ಅಂತ.

ಹೊಲಿಗೆ ಇರುವಾಗ ಹಾಸಿಗೆಯಿಂದ ಹೇಗೆ ಏಳಬೇಕು ಅಂತ ಯಾರೂ ಹೇಳಿರಲಿಲ್ಲ. ಪಕ್ಕಕ್ಕೆ ಹೊರಳಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ನೇರವಾಗಿ ಎದ್ದರೆ ಪ್ರಾಣ ಹೋಗುತ್ತದೆ. ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿ ಹಿಡಿಯಬೇಕು. ಹಾಲು ಕುಡಿಸುವಾಗ ಮಗುವಿನ ಕಾಲು ಹೊಲಿಗೆಗೆ ತಾಗದ ಹಾಗೆ ಕಂಕುಳ ಕೆಳಗಿಂದ ಹಿಡಿದುಕೊಳ್ಳಬಹುದು. ಇವೆಲ್ಲ ವಾರ್ಡಿನ ಆಯಾ ಹೇಳಿಕೊಟ್ಟದ್ದು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 31.5 ಸಿಸೇರಿಯನ್. ದೇಶದ ಲೆಕ್ಕ 21.5. ಅದು ಜಾಸ್ತಿಯೋ, ಬೇಕಿತ್ತೋ ಬೇಡವಿತ್ತೋ, ಆ ಜಗಳ ಬೇರೆ. ಆದರೆ ಕ್ಲಾಸಿನಲ್ಲಿ ಕೂತ ಹತ್ತು ಜನರಲ್ಲಿ ಮೂವರು ಆ ಟೇಬಲ್ ಮೇಲೆ ಮಲಗುತ್ತಾರೆ ಅಂದರೆ ಅವರಿಗೂ ಪಾಠ ಬೇಕಲ್ವಾ? ದುಡ್ಡು ಕಟ್ಟುವ ಮುಂಚೆ "ಸಿಸೇರಿಯನ್‌ಗೆ ಎಷ್ಟು ಹೊತ್ತು ಕೊಡುತ್ತೀರಿ?" ಅಂತ ಕೇಳಿ. ನಾರ್ಮಲ್ ಗ್ಯಾರಂಟಿ ಅನ್ನುವ ಕ್ಲಾಸಿಗೆ ಸೇರಬೇಡಿ.

ಇಬ್ಬರ ತಾಯಿ, ಮೈಸೂರು

ತಂಗಿ, ನೀವು ಫೇಲಾಗಿಲ್ಲ. ನನ್ನ ಎರಡನೆಯದು ಸಿಸೇರಿಯನ್. ಇಬ್ಬರು ಮಕ್ಕಳೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದಾರೆ ಈಗ.

ಸಾಗರದ ಮಗಳು

@ದಾವಣಗೆರೆ ಬೆಣ್ಣೆ, ಓದಿ ಕಣ್ಣಲ್ಲಿ ನೀರು ಬಂತು ಅಕ್ಕ. ನಿಮ್ಮ ಪ್ರಶ್ನೆಯನ್ನೇ ಬರೆದುಕೊಂಡೆ.

ಧಾರವಾಡ ಪೇಡೆ

ಯಾರಾದರೂ ರಜೆ ಬಗ್ಗೆ ಹೇಳಿ. 26 ವಾರದ ಹೆರಿಗೆ ರಜೆಯಲ್ಲಿ ಹೆರಿಗೆಗೆ ಮುಂಚೆ ಎಷ್ಟು ತೆಗೆದುಕೊಳ್ಳಬಹುದು?

ಚಿಕ್ಕಮಗಳೂರು ಕಾಫಿ

ಹೆರಿಗೆ ರಜೆ ಕಾನೂನಿನ 2017ರ ತಿದ್ದುಪಡಿ ಪ್ರಕಾರ ಮುಂಚೆ 8 ವಾರದವರೆಗೆ. ಆಗಲೇ ಇಬ್ಬರು ಮಕ್ಕಳಿದ್ದರೆ ಒಟ್ಟು 12 ವಾರ ಮಾತ್ರ.

ಆಶಾ ಅಕ್ಕ, ಕೊಪ್ಪಳ ಕಡೆ

ನಾನು ಆಶಾ ಕಾರ್ಯಕರ್ತೆ. ಎಲ್ಲರೂ ದುಡ್ಡಿನ ಕ್ಲಾಸಿನ ಬಗ್ಗೆ ಮಾತಾಡುತ್ತಿದ್ದೀರಿ. ನಾವು ಮನೆ ಬಾಗಿಲಿಗೆ ಬಂದು ಹೇಳುವುದೂ ಇದನ್ನೇ. ಆಸ್ಪತ್ರೆಯಲ್ಲಿ ಹೆರಿಗೆ ಆದವರ ಮನೆಗೆ ಆರು ಸಲ ಹೋಗುತ್ತೇವೆ. 3, 7, 14, 21, 28, 42ನೇ ದಿನ. ಮಗುವಿನ ತೂಕ, ಮೈ ಬಿಸಿ, ಹೊಕ್ಕುಳು ನೋಡುತ್ತೇವೆ. ಸಿಟಿಯವರು "ಏನೂ ಬೇಡ" ಅಂತ ಬಾಗಿಲು ಹಾಕುತ್ತಾರೆ. ತಾಯಿ ಕಾರ್ಡನ್ನು ಬರೀ ದುಡ್ಡಿನ ಯೋಜನೆಗೆ ಅಂತ ಬೀರುವಿನಲ್ಲಿ ಇಟ್ಟಿರುತ್ತಾರೆ. ಅದನ್ನು ಒಮ್ಮೆ ತೆರೆದು ಓದಿ. ಅಪಾಯದ ಚಿಹ್ನೆಗಳೆಲ್ಲ ಚಿತ್ರ ಸಮೇತ ಕನ್ನಡದಲ್ಲೇ ಇವೆ.

ಪಾವಗಡದ ಹುಡುಗಿ

ಇದು ನಿಜ ಅಕ್ಕ. ನನ್ನ ಮಗನ ಕಣ್ಣು ಹಳದಿ ಆಗಿದೆ ಅಂತ ಮೊದಲು ಹೇಳಿದ್ದು ನಮ್ಮೂರಿನ ಆಶಾ ಅಕ್ಕನೇ.

ಗಂಗಾವತಿ ಸೋನಾ

ಅಮ್ಮನ ಬೇಜಾರಿನ ವಿಷಯಕ್ಕೆ ಬರುತ್ತೇನೆ, ಯಾಕಂದರೆ ನಮ್ಮ ಮನೆಯಲ್ಲೂ ಅದೇ ಆಗಿತ್ತು.

ನನ್ನ ಕ್ಲಾಸು ಕನ್ನಡದ್ದು. ಮೊದಲ ದಿನ ಅಮ್ಮ ಸೊಪ್ಪು ಬಿಡಿಸುತ್ತಾ ದೂರದಲ್ಲಿ ಕೂತಿದ್ದಳು, ಕೇಳದವಳ ಹಾಗೆ. ಎರಡನೇ ವಾರ ಹಾಲಿನ ಪಾಠ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ಮೊದಲು ಬರುವ ಹಳದಿ ಹಾಲು ಅಂಟಂಟಾಗಿ ಕೆಲವೇ ಚಮಚ ಇರುತ್ತದೆ, ಅದೇ ಮಗುವಿಗೆ ಮೊದಲ ಲಸಿಕೆ ಇದ್ದ ಹಾಗೆ, ಜೇನು, ಬೆಲ್ಲದ ನೀರು ಯಾವುದೂ ಬೇಡ ಅಂದರು ಮೇಡಂ. ಅಮ್ಮ ಸೊಪ್ಪು ಬಿಟ್ಟು ಎದ್ದು ಬಂದು ನನ್ನ ಪಕ್ಕ ಕೂತಳು. "ಅದು ಕೆಟ್ಟ ಹಾಲು ಅಂತ ನಮ್ಮತ್ತೆ ಮೂರು ದಿನ ಹಿಂಡಿ ಚೆಲ್ಲಿಸಿದ್ರು. ನೀನು ಅಳ್ತಿದ್ದೆ, ಎದೆ ಕಲ್ಲಾಗಿತ್ತು, ಕೊಡೋ ಹಾಗಿರಲಿಲ್ಲ" ಅಂದಳು. ಅಷ್ಟು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳಿರದ ಮಾತು. ಮೇಡಂ ಪಾಠ ನಿಲ್ಲಿಸಿ ಅಮ್ಮನ ಜೊತೆ ಮಾತಾಡಿದರು. "ಆಗ ನಿಮಗೆ ಯಾರೂ ಹೇಳಿರಲಿಲ್ಲ ಅಮ್ಮಾ, ಈಗ ನೀವೇ ಮಗಳಿಗೆ ಹೇಳಿ" ಅಂದರು.

ಆಮೇಲಿನ ಎಲ್ಲಾ ಕ್ಲಾಸಿಗೂ ಅಮ್ಮ ನನಗಿಂತ ಮುಂಚೆ ಕೂರುತ್ತಿದ್ದಳು. ನನ್ನ ಹೆರಿಗೆ ದಿನ ವಾರ್ಡಿನಲ್ಲಿ ಯಾರೋ ಜೇನು ನೆಕ್ಕಿಸಲು ಬಂದಾಗ ಕೈ ಅಡ್ಡ ಹಿಡಿದವಳು ಅಮ್ಮ. ನಾನು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಹಾಗಾಗಿ ಸಾಗರದ ಮಗಳೇ, ಅಮ್ಮನನ್ನು ಬಿಟ್ಟು ಕ್ಲಾಸಿಗೆ ಹೋಗಬೇಡಿ. ಬಾಣಂತನದ ಮನೆಯಲ್ಲಿ ಮಾತು ನಡೆಯುವುದು ಅವರದೇ. ನೀವೊಬ್ಬರೇ ಕಲಿತು ಬಂದರೆ ದಿನಾ ಜಗಳ.

ಹಾಸನದ ಸೊಸೆ

ಜೇನು ಒಂದು ವರ್ಷದವರೆಗೂ ಬೇಡ ಅಂತಾರೆ ಮಕ್ಕಳ ಡಾಕ್ಟರ್. ನಮ್ಮತ್ತೆ "ಶುದ್ಧ ಕಾಡು ಜೇನು" ಅಂತ ವಾದ ಮಾಡಿದರು.

ತಾಲ್ಲೂಕು ಆಸ್ಪತ್ರೆ ನರ್ಸ್

ಎಷ್ಟೇ ಶುದ್ಧ ಇದ್ದರೂ ಬೇಡ. ಜೇನಿನಲ್ಲಿ ಒಂದು ಜಾತಿಯ ಸೂಕ್ಷ್ಮಾಣುವಿನ ಬೀಜ ಇರಬಹುದು. ದೊಡ್ಡವರಿಗೆ ಏನೂ ಆಗುವುದಿಲ್ಲ, ಎಳೆ ಕೂಸಿನ ಕರುಳಿನಲ್ಲಿ ಅದು ಬೆಳೆದು ವಿಷ ಮಾಡುತ್ತದೆ. ಹೊಕ್ಕುಳಿಗೂ ಅರಿಶಿನ, ಎಣ್ಣೆ, ಬೂದಿ ಏನೂ ಹಚ್ಚಬೇಡಿ. ಒಣಗಲು ಬಿಡಿ.

ಕೊಬ್ಬರಿ ಖಾರ

ಸಿಸ್ಟರ್, ಬಾಣಂತಿ ನೀರು ಕುಡಿಯಬಾರದು ಅನ್ನುವುದು? ನನಗೆ ದಿನಕ್ಕೆ ಎರಡು ಲೋಟ ಅಷ್ಟೇ ಕೊಡುತ್ತಿದ್ದರು. ಹೊಟ್ಟೆ ಬರುತ್ತದೆ ಅಂತ.

ತಾಲ್ಲೂಕು ಆಸ್ಪತ್ರೆ ನರ್ಸ್

ತಪ್ಪು. ಬಾಯಾರಿದಾಗೆಲ್ಲ ಕುಡಿಯಬೇಕು. ನೀರಿಲ್ಲದೆ ಮಲ ಗಟ್ಟಿಯಾಗಿ ಹೊಲಿಗೆ ನೋವಲ್ಲಿ ಅಳುವವರನ್ನು ವಾರಕ್ಕೊಬ್ಬರನ್ನು ನೋಡುತ್ತೇನೆ.

ಹಳೇ ಬೇರು

ಅಂಟಿನುಂಡೆ ಆದರೂ ಬಿಟ್ಟಿದ್ದೀರೋ ಇಲ್ಲವೋ?

ಗಂಗಾವತಿ ಸೋನಾ

ಅದನ್ನು ಬಿಡುವ ಮಾತೇ ಇಲ್ಲ! ಅಂಟು, ಒಣ ಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ. ಅಂಟನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು, ಒಳಗೂ ಅರಳಬೇಕು. ಇಲ್ಲದಿದ್ದರೆ ಹಲ್ಲಿಗೆ ಅಂಟುತ್ತದೆ. ಬೆಲ್ಲದ ಪಾಕ ಎಳೆ ಬರುವ ಮುಂಚೆ ಇಳಿಸಿ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ ಎಲ್ಲಾ ತಿನ್ನಿ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ.

ಒಂಟಿ ಕಿಟಕಿ

ನನಗೆ ಎರಡು ವಾರ ಆಗಿದೆ ಹೆರಿಗೆಯಾಗಿ. ಕ್ಲಾಸಿನಲ್ಲಿ ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ಮಗು ಚೆನ್ನಾಗಿದೆ. ಆದರೆ ದಿನಾ ಸಂಜೆ ಅಳು ಬರುತ್ತದೆ. ಮಗುವನ್ನು ನೋಡಿದರೆ ಏನೂ ಅನ್ನಿಸುವುದಿಲ್ಲ. ಯಾರಿಗೂ ಹೇಳಿಲ್ಲ.

ದಾವಣಗೆರೆ ಬೆಣ್ಣೆ

ಇಲ್ಲಿ ಹೇಳಿದಿರಲ್ಲ, ಒಳ್ಳೆಯದಾಯಿತು. ಮೊದಲ ವಾರ ಅಳು ಬರುವುದು ತುಂಬಾ ಜನಕ್ಕೆ ಆಗುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಹೋಗದಿದ್ದರೆ, ಮಗು ಬೇಡ ಅನ್ನಿಸಿದರೆ, ಬದುಕು ಬೇಡ ಅನ್ನಿಸಿದರೆ, ಅದು ಕಾಯಿಲೆ. ಔಷಧಿ ಇದೆ, ಹಾಲು ಕುಡಿಸುತ್ತಲೇ ತೆಗೆದುಕೊಳ್ಳುವಂಥದ್ದೂ ಇದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗಲೇ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ನೋಡುವ ವಾರ್ಡೇ ಇದೆ. ಇವತ್ತು ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ದಯವಿಟ್ಟು.

ಒಂಟಿ ಕಿಟಕಿ

ಗಂಡನಿಗೆ ಈ ಪುಟವನ್ನೇ ತೋರಿಸಿದೆ. ಅವರೇ ಫೋನ್ ಹಚ್ಚಿ ಕೊಟ್ಟರು. ಮಾತಾಡಿದೆ. ಸೋಮವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ.

ಸಾಗರದ ಮಗಳು (ಮೇ 3)

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಕ್ಲಾಸಿನವರಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ. ಸಿಸೇರಿಯನ್‌ಗೆ ಎಷ್ಟು ಹೊತ್ತು? ಒಂದು ಪೂರ್ತಿ ಕ್ಲಾಸು ಅಂದರು. ಗಂಡ ಬರಬಹುದಾ? ಬರಲೇಬೇಕು ಅಂದರು. ನಮ್ಮಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ ಅಂದೆ. ಆ ಕಡೆಯಿಂದ "ನಾನೂ ಶಿವಮೊಗ್ಗ ಜಿಲ್ಲೆಯವಳೇ, ಅಮ್ಮನಿಗೆ, ಅತ್ತೆಗೆ ಸೇರಿಸಿ ಕನ್ನಡದಲ್ಲಿ ಬೇರೆಯಾಗಿ ಎರಡು ಗಂಟೆ ಮಾಡೋಣ" ಅಂತ ಬಂತು. ದುಡ್ಡು ಕಟ್ಟಿದೆ. 29 ವಾರದಿಂದ ಶುರು ಮಾಡಿದ್ದೇವೆ. ಸಾಗರಕ್ಕೆ ಹೋಗುವ ಮುಂಚೆ ಮುಗಿಯುತ್ತದೆ.

ಅಮ್ಮನನ್ನು ಒಪ್ಪಿಸಲು ಕಷ್ಟ ಆಯಿತು. "ನನಗೇ ಪಾಠ ಹೇಳ್ತಾರಾ?" ಅಂದಳು. "ನೀನು ಅವರಿಗೆ ಬಾಣಂತನ ಹೇಳಿಕೊಡು" ಅಂದೆ. ಆಮೇಲೆ ಒಪ್ಪಿದಳು.

ಗಂಗಾವತಿ ಸೋನಾ

ಆಹಾ! ಹೆರಿಗೆ ಆದ ಮೇಲೆ ಮರೆಯದೆ ಬರೆಯಿರಿ.

ಸಾಗರದ ಮಗಳು (ಆಗಸ್ಟ್ 9)

ಹೆಣ್ಣು ಮಗು, 2.9 ಕೆ.ಜಿ. ಜುಲೈ ಮಧ್ಯದಲ್ಲಿ. ಎರಡು ದಿನದಿಂದ ಬಿಡದ ಮಳೆ. ನೋವು 8 ನಿಮಿಷಕ್ಕೊಮ್ಮೆ ಬರುವಾಗಲೇ ಜೀಪಿನವರನ್ನು ಕರೆದೆವು, ನರ್ಸ್ ಸಿಸ್ಟರ್ ಹೇಳಿದ ಹಾಗೆ. ದಾರಿಯಲ್ಲಿ ಒಂದು ಕಡೆ ಮರ ಬಿದ್ದಿತ್ತು. ಸುತ್ತಿ ಹೋಗಿ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ. 5 ನಿಮಿಷಕ್ಕೆ ಕಾದಿದ್ದರೆ ಏನಾಗುತ್ತಿತ್ತೋ. ನಾರ್ಮಲ್ ಆಯಿತು. ಹೊಲಿಗೆ ಇದೆ. ಉಸಿರಾಟ ಅರ್ಧ ನೆನಪಿತ್ತು, ಅರ್ಧ ಗಂಡ ಕಿವಿಯಲ್ಲಿ ಹೇಳಿದರು.

ಮೂರನೇ ರಾತ್ರಿ ಕಷ್ಟ ಆಗಿದ್ದು. ಕರೆಂಟ್ ಇಲ್ಲ, ಮಗು ಕಿರುಚುತ್ತಿದೆ, ನನ್ನ ಎದೆ ಬಿಗಿದುಕೊಂಡಿದೆ, ಮಗು ಬಾಯಿ ಹಾಕಿದರೆ ಜಾರುತ್ತಿದೆ. ಡಬ್ಬಿ ಹಾಲು ತರಿಸೋಣ ಅಂತ ನಾನೇ ಅಂದುಬಿಟ್ಟೆ. ಅಮ್ಮ ಟಾರ್ಚ್ ಹಿಡಿದುಕೊಂಡು ಹಾಲಿನ ಲೆಕ್ಕದ ಪುಸ್ತಕ ತಂದಳು. ಹಿಂದಿನ ಪುಟಗಳಲ್ಲಿ ಕ್ಲಾಸಿನಲ್ಲಿ ಹೇಳಿದ್ದನ್ನೆಲ್ಲ ಬರೆದಿಟ್ಟಿದ್ದಾಳೆ! "ಬಿಸಿ ಬಟ್ಟೆ. ಸ್ವಲ್ಪ ಹಿಂಡಿ ಮೆತ್ತಗೆ ಮಾಡು. ಮೂಗು ತೊಟ್ಟಿಗೆ ನೇರ. ಬಾಯಿ ಪೂರ್ತಿ ತೆರೆಯೋವರೆಗೂ ಕಾಯಿ. ಗದ್ದ ಎದೆಗೆ ತಾಗಲಿ." ಅವಳು ಒಂದೊಂದೇ ಓದಿದಳು, ನಾನು ಮಾಡಿದೆ. ನಾಲ್ಕನೇ ಸಲಕ್ಕೆ ಹಿಡಿಯಿತು. ನುಂಗುವ ಸದ್ದು ಕೇಳಿತು. ಅಮ್ಮ ಟಾರ್ಚ್ ಆರಿಸಿ ಅಲ್ಲೇ ಕೂತಳು.

ತಾಲ್ಲೂಕು ಆಸ್ಪತ್ರೆ ನರ್ಸ್

ಮಗಳಿಗೂ ಅಜ್ಜಿಗೂ ನನ್ನ ಪ್ರೀತಿ. ಆ ಪುಟದ ಫೋಟೋ ಹಾಕುತ್ತೀರಾ? ನಮ್ಮ ವಾರ್ಡಿನ ಗೋಡೆಗೆ ಅಂಟಿಸುತ್ತೇನೆ.

ಸಾಗರದ ಮಗಳು

ಕೇಳಿದೆ. ಅಕ್ಷರ ಚೆನ್ನಾಗಿಲ್ಲ, ಬೇರೆ ಹಾಳೆಯಲ್ಲಿ ಬರೆದು ಕೊಡುತ್ತೇನೆ ಅಂತ ಕೂತಿದ್ದಾಳೆ.

ಹೊಸಕೋಟೆ ಸೊಸೆ

ನನಗೆ 22 ವಾರ. ನಮ್ಮತ್ತೆಗೆ ತೆಲುಗು ಮಾತ್ರ ಬರುತ್ತದೆ. ತೆಲುಗಿನಲ್ಲಿ ಹೀಗೆ ಅಜ್ಜಿಯರಿಗೆ ಹೇಳಿಕೊಡುವವರು ಯಾರಾದರೂ ಗೊತ್ತಾ?